ಮುಖದ ಮೇಲಿನ ರವೆ

ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿನ ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಲೇ ಮಹೇಂದ್ರನ ತಲೆಗೂದಲು ನರೆತಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಕೋಣೆಗೆ ಹಳೆಯ ಮಂಚಗಳನ್ನು ತುಂಬಿ, ಅವನನ್ನು ಚೀಟಿ ಬರೆಯುವ ಕಿಟಕಿಯಲ್ಲಿ ಕೂರಿಸಿದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವವರೂ ಈಗ ಉಳಿದಿರಲಿಲ್ಲ. ಸರಸ್ವತಿ ನಗರದ ಬಾಡಿಗೆ ಮನೆಯ ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ ಬಡಿದು, ಹಳೆಯ ಕ್ಯಾಮೆರಾದ ಕಪ್ಪು-ಬಿಳುಪು ರೀಲು ತೊಳೆಯತೊಡಗಿದ.

ಭಾನುವಾರ ಹರಿಹರಕ್ಕೆ ಹೋಗಿ ಹೊಳೆ ದಂಡೆಯಲ್ಲಿ ಅಲೆಯುತ್ತಿದ್ದ. ಅಲ್ಲಿ ಶೇಂಗಾ ಮಾರುವ ಸುಗ್ರಾಬಿ ಒಮ್ಮೆ ತಾನಾಗಿಯೇ ಕರೆದಳು.

“ನಂದೊಂದು ತೆಗೀರಿ ಅಣ್ಣಾರೆ. ಮಗನ ಮನ್ಯಾಗ ಹಾಕ್ತೀನಿ.”

ಬೇಸಿಗೆ. ತೊಟ್ಟಿಯ ನೀರು ಕಾದಿತ್ತು. ರೀಲು ತೊಳೆಯುವ ಡೆವಲಪರ್ ದ್ರಾವಣ ಬಿಸಿಯಾದರೆ ಚಿತ್ರದಲ್ಲಿ ಕಾಳುಕಾಳಾಗಿ ಚುಕ್ಕೆ ಏಳುತ್ತವೆಂದು ಗೊತ್ತಿದ್ದರೂ ಆತುರಪಟ್ಟ. ಮುಂದಿನ ವಾರ ಫೋಟೊ ನೋಡಿ ಸುಗ್ರಾಬಿ ನಕ್ಕಳು.

“ಇದೇನ್ರಿ, ಮಾರಿ ಮ್ಯಾಲೆ ರವಾ ಚೆಲ್ಲಿದಂಗೈತೆ! ಕಣ್ಣೆಲ್ಲ್ಯದಾವು?”

ಕಣ್ಣಿದ್ದಲ್ಲಿ ಎರಡು ಕಪ್ಪು ಗುಳಿ. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ, ಉಳಿದದ್ದು ಕಪ್ಪಗೆ ಕಂಡರೆ ಡಾಕ್ಟರಿಗೆ ಸಾಕಾಗುತ್ತಿತ್ತು. ನಡುವಿನ ಬೂದು ಬಣ್ಣದ ಗೊಡವೆಗೆ ಅವನು ಎಂದೂ ಹೋದವನಲ್ಲ. ನಾಚಿಕೆಯಾಯಿತು. “ಇನ್ನೊಂದ್ಸಲ ಕೂಡ್ರಿ,” ಎಂದು ಮತ್ತೆ ತೆಗೆದ.

ಈ ಸಲ ಬಕೆಟ್ಟಿಗೆ ಐಸ್ ಹಾಕಿದ. ಡೆವಲಪರನ್ನು ತೆಳ್ಳಗೆ ಮಾಡಿ, ರೀಲಿನ ಡಬ್ಬಿಯನ್ನು ಮೆಲ್ಲಗೆ, ಬಿಟ್ಟು ಬಿಟ್ಟು ಆಡಿಸಿದ. ಪ್ರಿಂಟು ಹಾಕಿದಾಗ ಕೆನ್ನೆಯ ಸುಕ್ಕು, ಸೆರಗಿನ ನೆರಳು, ಕಣ್ಣಂಚಿನ ತೇವ ಒಂದೊಂದಾಗಿ ಮೂಡಿದವು. ಯಾರಿಗಾದರೂ ತೋರಿಸಬೇಕೆನಿಸಿತು. ಬೀದಿ ಬಾಗಿಲವರೆಗೆ ಬಂದು, ಒದ್ದೆ ಕೈ ಒರೆಸಿಕೊಂಡು, ಒಳಗೆ ಹೋದ.

ಸುಗ್ರಾಬಿ ಈ ಸಲ ನಗಲಿಲ್ಲ. ಬಹಳ ಹೊತ್ತು ನೋಡಿದಳು.

“ಇಷ್ಟು ಬ್ಯಾಸರ ಐತೇನ್ರಿ ನನ್ ಮಾರ್ಯಾಗ?”

ಮಹೇಂದ್ರ ಬಗ್ಗಿ ತಾನೂ ಫೋಟೊ ನೋಡಿದ.

“ಇದು ಬ್ಯಾಡ. ಮಗ ನೋಡಿದ್ರೆ ನೊಂದ್ಕೋತಾನ. ಮೊದ್ಲಿಂದೇ ಇರ್ಲಿ, ಅದ್ರಾಗ ಏನೂ ಕಾಣಂಗಿಲ್ಲ.” ಫೋಟೊ ಮರಳಿಸಿ, ಅವನ ಕೈಗೆ ಒಂದು ಹಿಡಿ ಶೇಂಗಾ ಹಾಕಿದಳು. “ನಿಮ್ಮನ್ಯಾಗ ಯಾರದಾರ?”

“ಯಾರೂ ಇಲ್ಲ.”

“ಹಂಗಾರೆ ಮುಂದಿನ್ವಾರ ಕ್ಯಾಮೆರಾ ಬಿಟ್ಟು ಬರ್ರಿ. ಸುಮ್ನೆ ಕೂಡ್ರಾಕ.”

ಮುಂದಿನ ಭಾನುವಾರ ಅವನು ಬಸ್ ಸ್ಟ್ಯಾಂಡಿಗೇನೋ ಹೋದ. ಹೆಗಲು ಬರಿದಾಗಿತ್ತು; ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹರಿಹರದ ಬಸ್ಸು ತುಂಬಿ ಹೊರಟಿತು, ಅದರ ಹಿಂದಿನದೂ ಹೊರಟಿತು. ಹೋಗಿ ಕೂತು ಏನು ಮಾತಾಡುವುದೆಂದು ಯೋಚಿಸುತ್ತ ನಿಂತೇ ಇದ್ದ. ಬಿಸಿಲೇರಿದ ಮೇಲೆ ಆಟೊ ಹಿಡಿದು ಮನೆಗೆ ಮರಳಿದ.