ಮೂಲೆ ಹರಿದ ಸಾಂಚಿಯ ಕಾರ್ಡು

ಟಪಾಲಿನ ಕೆಂಚಪ್ಪ ಯಾವಾಗ ಬಂದರೂ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಕಾಗದ ಓದಿ ಹೇಳಿಯೇ ಹೋಗುವವನು. ಅಂದು ಮಾತ್ರ ಕಲ್ಲೋಳಿಯ ಆ ಮನೆಯ ಅಂಗಳಕ್ಕೆ ಕಾಲಿಡಲಿಲ್ಲ. ಒಂದು ಕಾರ್ಡನ್ನು ಬೇಲಿಯ ಬುಡದಲ್ಲಿಟ್ಟು, ಮೇಲೊಂದು ಕಲ್ಲು ಹೇರಿ, ತಲೆ ತಗ್ಗಿಸಿಕೊಂಡು ಹೊರಟುಬಿಟ್ಟ.

ಮನೆಯ ಸೊಸೆ ಅಲ್ಲವ್ವ ಹೋಗಿ ನೋಡಿದಳು. ಕಾರ್ಡಿನ ಒಂದು ಮೂಲೆ ಹರಿದಿತ್ತು. ಸಾವಿನ ಸುದ್ದಿ ಬರೆದವರು ಹಾಗೆ ಮೂಲೆ ಹರಿದೇ ಕಳಿಸುವುದು. ಅಂಥದ್ದನ್ನು ಹೊಸ್ತಿಲು ದಾಟಿಸುವಂತಿಲ್ಲ. ತಿರುಗಿಸಿದರೆ ಆ ಬದಿಗೆ ಚಿತ್ರ: ಬೋರಲು ಹಾಕಿದ ಗಡಿಗೆಯಂಥ ದೊಡ್ಡ ಗುಮ್ಮಟ, ಸುತ್ತ ಕಲ್ಲಿನ ಬೇಲಿ.

"ಗದ್ದಿಗಿ," ಅಂದವಳೇ ಅತ್ತೆ ಶಿವವ್ವ ನಿಂತಲ್ಲೇ ಕುಸಿದಳು. "ನನ್ನ ಮಗನ್ನ ಇಟ್ಟ ಜಾಗಾ ತೋರಿಸ್ಯಾರ."

ಮಗ ಕೇದಾರಿ ಕಲ್ಲುಕುಟಿಗ. ಗುತ್ತಿಗೆದಾರನ ಬೆನ್ನು ಹತ್ತಿ ಭೋಪಾಳದ ಕಡೆ ಹೋಗಿ ಎಂಟು ತಿಂಗಳಾಗಿತ್ತು. ಅಲ್ಲಿ ಪ್ಲೇಗು ಎಂಬ ಸುದ್ದಿ ಬಂದ ಮೇಲೆ ಅವನಿಂದ ಒಂದಕ್ಷರವಿಲ್ಲ.

ನೆರೆಯ ರಾಯವ್ವ ಸೊಸೆಯ ಕೈ ಹಿಡಿದಳು. "ಬಾ ಯವ್ವಾ, ಬಳಿ ತಗಿಯೂಣು."

ಅಲ್ಲವ್ವ ಕೈ ಕಿತ್ತುಕೊಂಡಳು. "ಓದಿಸೂತನಾ ನಾ ತಗಿಯಾಂಗಿಲ್ರಿ."

"ಮೂಲಿ ಹರಿದದ್ದನ್ನ ಮುಟ್ಟಾವ್ರ ಯಾರದಾರ ಊರಾಗ?"

"ಮೂಡಲಗಿಗಿ ಹೋಗತೇನಿ."

ಶಿವವ್ವ ಸೊಸೆಯ ಮುಖ ನೋಡಲಿಲ್ಲ. "ದೀಪಾ ಹಚ್ಚೂದ್ರಾಗ ಬಾ," ಅಂದಳು. "ಅಲ್ಲೀಮಟಾ ನಾ ಅಳಾಂಗಿಲ್ಲ."

ಹೊತ್ತು ಆಗಲೇ ವಾಲಿತ್ತು. ಎರಡು ಹರದಾರಿ ದಾರಿ. ಕಾರ್ಡನ್ನು ಸೆರಗಿಗೆ ಕಟ್ಟಿಕೊಳ್ಳಲು ಮನಸ್ಸಾಗದೆ ಬುಟ್ಟಿಯಲ್ಲಿಟ್ಟು ಹೊತ್ತಳು. ಓಡಿದರೆ ಬಳೆಗಳು ಸದ್ದು ಮಾಡುತ್ತಿದ್ದವು. ಆ ಸದ್ದು ಕೇಳಿದರೆ ಹೆದರಿಕೆ, ನಿಂತರೆ ಇನ್ನೂ ಹೆದರಿಕೆ.

ಮೂಡಲಗಿಯ ಕಾಸೀಮಸಾಬ ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕ. ಕಾರ್ಡಿಗೆ ಚಾಚಿದ ಕೈಯನ್ನು ಮೂಲೆ ಕಂಡೊಡನೆ ಹಿಂದೆಳೆದ.

"ಏನಿದ್ರೂ ಓದ್ರಿ, ಕಾಕಾ."

ಅವನು ಕಾರ್ಡು ಕೈಗೆತ್ತಿಕೊಂಡ, ಆದರೆ ಓದಲಿಲ್ಲ. ಹರಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿದ. "ಇಲ್ಲಿ ಅಂಟ ಐತಿ. ಟಪಾಲಿನ ಕರೀ ಮುದ್ರಿ ನೋಡು, ಅರ್ಧಾ ಇಲ್ಲೈತಿ. ಇನ್ನರ್ಧಾ ಮೂಲೀ ಸಂಗಾಟ ಹೋಗೇತಿ."

"ಅಂದ್ರ?"

"ಬರದಾಂವ ಹರದಿಲ್ಲವ್ವಾ. ಮುದ್ರಿ ಬಿದ್ದ ಮ್ಯಾಲ ಹಾದ್ಯಾಗ ಯಾವನೋ ಸ್ಟಾಂಪಿನ ಆಸೇಕ ಕಿತ್ತಾನ."

ಅಲ್ಲವ್ವ ಮುಂದೆ ಸರಿದಳು. "ಓದ್ರಿ."

ಕಾಸೀಮಸಾಬ ಬಾಗಿಲ ಬೆಳಕಿಗೆ ಹಿಡಿದ. "ಅವ್ವಗ ಶರಣು. ನಾ ಅರಾಮ ಅದೇನಿ. ಚಿತ್ರದಾಗಿಂದು ಸಾಂಚಿ. ಬುದ್ಧನ ಭಕ್ತರು ಕಟ್ಟಿದ್ದು, ಎರಡ ಸಾವಿರ ವರ್ಷದ್ದಂತ. ಬಿದ್ದ ಬೇಲೀ ಕಲ್ಲು ತಿರುಗಿ ನಿಲ್ಲಸಾಕತ್ತೇವಿ. ಬಾಗಲಾ ಬಾಜೂಕ ದಿನಾ ಕೂತು ಕಲ್ಲು ಕಟೀತೇನಿ. ಚಿತ್ರಾ ನಿನ್ನ ಸೊಸಿಗಿ ತೋರಸು."

"ಬರದು ಎಷ್ಟ ದಿನಾ ಆತ್ರಿ?"

"ಹನ್ನೊಂದು. ಹನ್ನೊಂದ ದಿನದ ಹಿಂದ ಅರಾಮ ಇದ್ದ. ಅಷ್ಟs ಹೇಳಬಲ್ಲೆ."

"ಸಾಕ್ರಿ." ಎದ್ದವಳು ಬಾಗಿಲಲ್ಲಿ ತಿರುಗಿದಳು. "ಒಂದ ಸಾಲು ಬರದ ಹಾಕ್ರಿ ಕಾಕಾ. ಇನ್ನ ಮ್ಯಾಲ ಸ್ಟಾಂಪ ಮೂಲ್ಯಾಗ ಹಚ್ಚಬ್ಯಾಡ, ನಟ್ಟನಡುವ ಹಚ್ಚಂತ."

"ಹೆಸರಿನ ಮ್ಯಾಲ ಹಚ್ಚಿದ್ರ ಕೆಂಚಪ್ಪ ಯಾರ ಮನೀಗಿ ಕೊಡಬೇಕವ್ವಾ?" ಎಂದು ಮುದುಕ ನಗುವಷ್ಟರಲ್ಲಿ ಅವಳು ಓಣಿ ದಾಟಿದ್ದಳು.

ಕಲ್ಲೋಳಿ ಮುಟ್ಟಿದಾಗ ಎಲ್ಲರ ಮನೆಯಲ್ಲೂ ದೀಪ ಹತ್ತಿತ್ತು. ಅವರ ಮನೆಯೊಂದೇ ಕತ್ತಲು. ಹತ್ತಿರ ಬಂದರೆ ಹೊಸ್ತಿಲ ಬಳಿ ರಾಯವ್ವ ಬೈಯುತ್ತಿದ್ದಳು: "ಹೊತ್ತ ಮುಳಗಿ ಎಷ್ಟೊತ್ತಾತು, ಹಚ್ಚಬಾರದೇನ ಶಿವವ್ವಾ?"

ಶಿವವ್ವ ಹಣತೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಸೊಸಿ ಬಂದಿಲ್ಲ."

ಅಲ್ಲವ್ವ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲು ದಾಟಿ ಒಳಗೆ ಹೋದಳು.

ಶಿವವ್ವ ಅದನ್ನು ನೋಡಿದಳು. ಆಮೇಲೆ ಕೈ ಚಾಚಿ, "ಕಡ್ಡಿಪೆಟ್ಟಿಗಿ ಕೊಡs ರಾಯವ್ವಾ," ಅಂದಳು.