ಮೂರನೇ ತರಗತಿಗೆ ಒಬ್ಬರು ಬೇಕಾಗಿದ್ದಾರೆ

ಬುಧವಾರ ಬೆಳಗ್ಗೆ ಧರ್ಮಪಾಠದ ಗಂಟೆ ಹೊಡೆದರೆ ಸಿಡ್ನಿಯಿಂದ ದೂರದ ನಮ್ಮ ಕುರಬಿಂಡಾ ಊರಿನ ಸರಕಾರಿ ಶಾಲೆಯ ಬ್ರಿಯೊನಿ ಗ್ರಂಥಾಲಯಕ್ಕೆ ಹೋಗಿ ಕೂರುತ್ತಾಳೆ. ಧರ್ಮಪಾಠ ಬೇಡವೆಂದು ಅವಳ ಅಮ್ಮ ಕೆರಿನ್ ಬರೆದುಕೊಟ್ಟಿದ್ದಾಳೆ. ಅವಳ ಮೂರನೇ ತರಗತಿಯಲ್ಲಿ ಅಂಥ ಹದಿನಾಲ್ಕು ಮಕ್ಕಳಿದ್ದಾರೆ. ಆ ಅರ್ಧ ಗಂಟೆ ಅವರಿಗೆ ಹೊಸ ಪಾಠ ಮಾಡುವಂತಿಲ್ಲ. ಮಾಡಿದರೆ ಧರ್ಮಪಾಠಕ್ಕೆ ಹೋದ ಮಕ್ಕಳು ಹಿಂದೆ ಬೀಳುತ್ತಾರೆ.

"ಇವತ್ತೇನ್ ಮಾಡ್ದೆ ಪುಟ್ಟಿ?" ಶಾಲೆಯಿಂದ ಕರೆತರುವಾಗ ತಾತ ನೆವಿಲ್ ಕೇಳಿದರು.

"ಶಾರ್ಕ್ ಪುಸ್ತಕ ಓದ್ದೆ."

"ಹೋದ್ವಾರಾನೂ ಅದೇ ಅಲ್ವಾ?"

"ಹನ್ನೊಂದನೇ ಸಲ, ತಾತ. ಈಗ ಶಾರ್ಕಿಗೇ ನನ್ನ ಗುರುತು ಸಿಗುತ್ತೆ."

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ನೊರೀನ್ ನಕ್ಕರು. ಅವರು ಅದೇ ಶಾಲೆಯಲ್ಲಿ ಕಸ ಗುಡಿಸಿ ನಿವೃತ್ತರಾದವರು. ಈಗ ಐದನೇ ತರಗತಿಯಲ್ಲಿ ಧರ್ಮಪಾಠಕ್ಕೆ ಹೋಗದ ಮಕ್ಕಳಿಗೆ ನೀತಿ ತರಗತಿ ನಡೆಸುತ್ತಾರೆ.

"ನೆವ್, ಮೂರನೇ ಕ್ಲಾಸಿಗೂ ನೀತಿ ತರಗತಿ ಬೇಕು ಅಂತ ಕೇಳ್ತಿದಾರೆ. ನಡೆಸೋರೇ ಇಲ್ಲ. ರಜಾ ಬರೋದ್ರೊಳಗೆ ಯಾರೂ ಸಿಗದಿದ್ರೆ ಈ ವರ್ಷದ ಕಥೆ ಮುಗೀತು. ನೀನ್ ಬಾ."

"ನಾನಾ? ಹದಿನೈದಕ್ಕೆ ಸ್ಕೂಲ್ ಬಿಟ್ಟು ರೈಲು ಹಳಿ ರಿಪೇರಿಗೆ ಹೋದೋನು. ಕುಡಿದು ಬಂದು ಹೆಂಡ್ತಿ ಕೈಲಿ ಬೈಸ್ಕೊಂಡೋನು. ನಾನು ಒಳ್ಳೇತನ ಹೇಳ್ಕೊಡ್ಲಾ?"

"ಹೇಳ್ಕೊಡೋದೇ ಬೇಡ ಮಾರಾಯ. ಪ್ರಶ್ನೆ ಬರೆದ ಹಾಳೆ ಕೊಡ್ತಾರೆ. ನೀನು ಕೇಳ್ಬೇಕು, ಮಕ್ಕಳು ಯೋಚ್ನೆ ಮಾಡ್ಬೇಕು. ನಿನ್ನ ಅಭಿಪ್ರಾಯ ಜೇಬಿನಿಂದ ಆಚೆ ಬರ್ಬಾರ್ದು."

ನೆವಿಲ್ ದನಿ ತಗ್ಗಿಸಿದರು. "ನನ್ನ ಮರ್ಲ್ ಅದೇ ಸ್ಕೂಲಲ್ಲಿ ಹತ್ತೊಂಬತ್ತು ವರ್ಷ ಧರ್ಮಪಾಠ ಮಾಡಿದೋಳು. ಅವಳು ತೀರ್ಕೊಂಡು ಇನ್ನೂ ಎರಡು ವರ್ಷ ಆಗಿಲ್ಲ. ನಾನು ಎದುರಿಗೆ ಅಂಗಡಿ ತೆಗೀಲಾ?"

"ಎದುರು ಅಂಗಡಿ ಅಲ್ಲ. ಧರ್ಮಪಾಠದಿಂದ ಒಂದು ಮಗೂನೂ ನಾವು ಎಳ್ಕೊಂಡು ಬರಲ್ಲ. ಅಪ್ಪ ಅಮ್ಮ ಬರೆದುಕೊಟ್ರೆ ಮಾತ್ರ. ದೇವರಿದಾನೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ಬೇಕಾದ್ರೆ ಈಗ್ಲೇ ಒಂದು ಸಲ ಮಾಡಿ ನೋಡು."

ಮೂವರೂ ಜಗಲಿಯಲ್ಲಿ ಟೀ, ಬಿಸ್ಕತ್ತು ಇಟ್ಟುಕೊಂಡು ಕೂತರು. ನೊರೀನ್ ಪ್ರಶ್ನೆ ಹಾಕಿದರು: "ಸ್ನೇಹಿತೆ ನಿನಗೋಸ್ಕರ ಉಣ್ಣೆ ಟೋಪಿ ಹೆಣೆದಿದಾಳೆ. ನೋಡೋಕೆ ಭಯಂಕರ. 'ಚೆನ್ನಾಗಿದ್ಯಾ?' ಅಂತಾಳೆ. ಹೂಂ ಅಂದ್ರೆ ತಪ್ಪಾ?"

"ಸುಳ್ಳು ಸುಳ್ಳೇ. ತಪ್ಪು," ಎಂದುಬಿಟ್ಟರು ನೆವಿಲ್.

ಏನೋ ಹೇಳಹೊರಟಿದ್ದ ಬ್ರಿಯೊನಿ ಬಾಯಿಗೆ ಬಿಸ್ಕತ್ತು ತುರುಕಿಕೊಂಡಳು.

"ನೋಡಿದ್ಯಾ? ನೀನು ತೀರ್ಪು ಕೊಟ್ಟೆ, ಕೋರ್ಟು ಮುಗೀತು," ಎಂದರು ನೊರೀನ್. "ಅವಳನ್ನ ಕೇಳು."

"ಸರಿ. ನಿನಗೇನನ್ಸುತ್ತೆ ಪುಟ್ಟಿ?"

ಬ್ರಿಯೊನಿ ಬಾಯಲ್ಲಿದ್ದ ಬಿಸ್ಕತ್ತು ನುಂಗಿದಳು. "ಅಜ್ಜಿಗೆ ಆಸ್ಪತ್ರೇಲಿ ಕೂದಲೆಲ್ಲ ಉದುರಿತ್ತಲ್ಲ. ನೀನು, 'ಮರ್ಲ್, ಇವತ್ತು ತುಂಬ ಚೆನ್ನಾಗಿ ಕಾಣ್ತಿದೀಯ' ಅಂದೆ. ಅದು ತಪ್ಪಾ ತಾತ?"

ನೆವಿಲ್ ಟೀ ಕಪ್ಪು ಕೆಳಗಿಟ್ಟರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು, ಕೊನೆಗೆ ಕೇಳಿದರು: "ಟೋಪಿಗೂ ಇದಕ್ಕೂ ಏನಾದ್ರೂ ವ್ಯತ್ಯಾಸ ಇದ್ಯಾ?"

"ಇದೆ. ಅಜ್ಜಿ ಹತ್ರ ಕನ್ನಡಿ ಇತ್ತು. ಗೊತ್ತಿದ್ದೂ ನಕ್ಳು. ಟೋಪಿಯವಳಿಗೆ ಗೊತ್ತೇ ಇಲ್ಲ, ಇನ್ನೊಂದು ಹೆಣೆದು ತರ್ತಾಳೆ." ಅವಳು ತಲೆ ಕೆರೆದುಕೊಂಡಳು. "ಆದ್ರೂ ಸರಿಯಾಗಿ ಗೊತ್ತಾಗ್ತಿಲ್ಲ. ಇನ್ನೂ ಯೋಚ್ನೆ ಮಾಡ್ಬೇಕು."

ನೆವಿಲ್ ಕನ್ನಡಕ ತೆಗೆದು ಒರೆಸಿಕೊಂಡರು. "ತಲೇಲಿ ಇಂಥದ್ದೆಲ್ಲ ಇಟ್ಕೊಂಡು ಈ ಮಗು ಶಾರ್ಕ್ ನೋಡ್ತಾ ಕೂತಿದ್ಯಾ?"

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದ ಕೆರಿನ್ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. "ಅಪ್ಪ ಉತ್ತರ ಹೇಳದೆ ಬಾಯಿ ಮುಚ್ಕೊಂಡಿದ್ನಾ? ಕೊಡಿ ನೊರೀನ್, ನೀತಿ ತರಗತಿಯ ಒಪ್ಪಿಗೆ ಕಾಗದಕ್ಕೆ ಈಗ್ಲೇ ಸಹಿ ಹಾಕ್ತೀನಿ. ಇದೂ ಇನ್ನೊಂದು ಉಪದೇಶ ಅಂದ್ಕೊಂಡಿದ್ದೆ."

ನೆವಿಲ್ ಹೆಸರು ಕೊಟ್ಟರು. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಇರುವ ತಪಾಸಣೆ ಆಯಿತು. ಸಿಡ್ನಿಗೆ ಹೋಗಿ ತರಬೇತಿ ಪಡೆದರು. ಅಲ್ಲಿ ಎರಡು ಸಲ ಬಾಯಿ ತಪ್ಪಿ ತೀರ್ಪು ಕೊಟ್ಟರಂತೆ. ರಜೆ ಕಳೆದ ಮೊದಲ ಬುಧವಾರ ಹದಿನಾಲ್ಕು ಮಕ್ಕಳು ದುಂಡಗೆ ಕೂತರು. ತಾತ ಹಾಳೆ ಕೈಗೆತ್ತಿಕೊಂಡರು. ಮೊದಲ ಪ್ರಶ್ನೆ ಓದಿ ಮುಗಿಸುವ ಮೊದಲೇ ಒಂಬತ್ತು ಕೈಗಳು ಮೇಲೆದ್ದವು.

ಈ ವಾರ ನಿಮ್ಮ ಮಗುವನ್ನೂ ಕೇಳಿ: ಆ ಅರ್ಧ ಗಂಟೆ ಎಲ್ಲಿ ಕೂತಿದ್ದೆ, ಏನು ಮಾಡಿದೆ? ಧರ್ಮಪಾಠಕ್ಕೆ ಇಷ್ಟಪಟ್ಟು ಹೋಗುತ್ತಿದ್ದರೆ ಹೋಗಲಿ. ಸುಮ್ಮನೆ ಕೂತಿದ್ದರೆ ಶಾಲಾ ಕಚೇರಿಯಲ್ಲಿ ನೀತಿ ತರಗತಿಯ ಬಗ್ಗೆ ವಿಚಾರಿಸಿ, ಬೇಕೆಂದು ಬರೆದುಕೊಡಿ. ಎಲ್ಲ ಕಡೆಯೂ ಇಷ್ಟು ಬೇಗ ಆಗುತ್ತದೆಂದು ನಾನು ಮಾತು ಕೊಡಲಾರೆ. ನಡೆಸುವವರು ಸಿಗದೆ ಎಷ್ಟೋ ತರಗತಿಗಳು ನಿಂತಿರಬಹುದು. ಆದ್ದರಿಂದ ನೀವೇ ಹೆಸರು ಕೊಡಿ. ನಿಮಗೆ ಎಲ್ಲ ಗೊತ್ತಿರಬೇಕಾಗಿಲ್ಲ. ಒಂದು ಮಗು ಯೋಚಿಸಿ ಮಾತಾಡುವವರೆಗೆ ಸುಮ್ಮನೆ ಕಾಯಲು ಬಂದರೆ ಸಾಕು.