ಎಡ ಭುಜದ ಮೇಲಿನ ಚೆಂಡು

ಶುಕ್ರವಾರದ ಪಂದ್ಯ ಗೆದ್ದೆವು, ಆದರೆ ಅಮೋಸ್ ಪ್ರೂಯಿಟ್‌ನ ಮಂಡಿ ಹೋಯಿತು. ಇನ್ನೊಂದು ಪಂದ್ಯ ಗೆದ್ದರೆ ರಾಜ್ಯದ ಫೈನಲ್. ಹಾರ್ಲನ್ ಫೆರಿಯಂಥ ಊರಿಗೆ ಅದು ಮೂವತ್ತೊಂದು ವರ್ಷಗಳಿಂದ ಸಿಕ್ಕಿರಲಿಲ್ಲ.

ನಾನು ಅಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ರಿಸೀವರ್‌ಗಳ ಕೋಚ್. ಎಂದರೆ, ಎದುರಾಳಿಗಳ ನಡುವೆ ನುಗ್ಗಿ ಓಡಿ, ಹಿಂದಿನಿಂದ ತೂರಿ ಬರುವ ಚೆಂಡನ್ನು ಕೈಯಲ್ಲಿ ಹಿಡಿಯುವ ಹುಡುಗರು ನನ್ನ ಪಾಲು. ಅವರಲ್ಲಿ ಅಮೋಸ್ ಮೊದಲಿಗ. ಉಳಿದವರ ವಿಷಯದಲ್ಲಿ ಊರಿಗೆ ನಂಬಿಕೆ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಸ್ಟಾನ್ ವೊಯ್ಚಿಕ್‌ನ ಕ್ಷೌರದಂಗಡಿಯಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಕೂದಲು ಕತ್ತರಿಸಿಕೊಳ್ಳಲು ಬಂದವರು ಇಬ್ಬರೇ. ಬಾಗಿಲು ತೆರೆದಿದ್ದೇ ತಡ, ಸ್ಟಾನ್ ಕತ್ತರಿಯನ್ನು ನನ್ನತ್ತ ತೋರಿಸಿದ.

"ಬಾಪ್ಪಾ ಗಸ್. ನಿನ್ನ ಹತ್ರ ರಿಸೀವರ್‌ಗಳು ಎಷ್ಟು ಜನ ಇದಾರೆ ಈಗ?"

"ಅಮೋಸ್‌ನ ಬಿಟ್ರೆ ಐದು."

"ಐದು ಜನ ಅಂದ್ರೆ ಹತ್ತು ಕೈ. ಅದ್ರಲ್ಲಿ ಚೆಂಡು ಹಿಡಿಯೋವು ಎಷ್ಟು ಅಂತ ಹೇಳು ಮಾರಾಯ."

ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಮುದುಕ ಬೆನ್ ಓಕ್ಸ್ ಮಾತ್ರ ನಗಲಿಲ್ಲ. "ಡೇರಿಯಸ್ ಕ್ರೆನ್‌ಶಾ ಇದಾನಲ್ರೋ," ಎಂದ. "ಅವನು ಓಡಿದ್ರೆ ಹಿಂದೆ ಬಿದ್ದು ಹಿಡಿಯೋನು ಈ ಜಿಲ್ಲೇಲಿ ಇಲ್ಲ."

"ಓಡ್ತಾನಪ್ಪ, ಯಾರು ಇಲ್ಲ ಅಂದ್ರು? ಚೆಂಡು ಕೆಳಗೆ ಬಿಟ್ಟು ಓಡ್ತಾನೆ. ಓಟದ ಪಂದ್ಯಕ್ಕೆ ಕಳಿಸಿ ಅವನನ್ನ. ಆ ಪಲುಕಾ ಹುಡುಗನ್ನ ಇಳಿಸಿ. ಕೈಗೆ ಬಂದಿದ್ದನ್ನ ಅವನು ಬಿಡಲ್ಲ," ಎಂದ ಸ್ಟಾನ್.

"ಪಲುಕಾ! ನಮ್ಮಜ್ಜಿ ವಾಕರ್ ಹಿಡ್ಕೊಂಡು ಅವನಿಗಿಂತ ಮುಂದೆ ಹೋಗ್ತಾಳೆ," ಎಂದ ಇನ್ನೊಬ್ಬ.

ನಾನು ಕೂದಲು ಕತ್ತರಿಸಿಕೊಳ್ಳದೆ ಎದ್ದು ಬಂದೆ. ಮನೆಯಲ್ಲೂ ಕೂರಲಾಗಲಿಲ್ಲ. ತಿಂಡಿ ಬಿಟ್ಟು ಎದ್ದೆ, ಅಂಗಳದ ಎಲೆ ಗುಡಿಸಲು ಹೋಗಿ ಅರ್ಧಕ್ಕೆ ಪೊರಕೆ ಬಿಸಾಡಿದೆ. "ನೀನು ಶಾಲೆಗಾದ್ರೂ ಹೋಗು, ನಿನ್ನ ನೋಡ್ತಾ ನನಗೆ ತಲೆ ಸುತ್ತುತ್ತೆ," ಎಂದಳು ಹೆಂಡತಿ ಲೋರೇನ್.

ಭಾನುವಾರ ಶಾಲೆಯ ಕೋಣೆಯಲ್ಲಿ ಒಬ್ಬನೇ ಕೂತು ಆ ಋತುವಿನ ಎಲ್ಲ ಪಂದ್ಯಗಳ ವಿಡಿಯೊ ಹಾಕಿ, ಡೇರಿಯಸ್‌ಗೆ ಎಸೆದ ಒಂದೊಂದು ಚೆಂಡನ್ನೂ ಕಾಗದದ ಮೇಲೆ ಗುರುತು ಮಾಡುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಕಾಗದ ನೋಡಿ ಕೈ ನಿಂತಿತು. ಬಲಗಡೆಯಿಂದ ಬಂದವು ಹತ್ತೊಂಬತ್ತು, ಹಿಡಿದಿದ್ದು ಹದಿನೇಳು. ಎಡ ಭುಜದ ಮೇಲಿಂದ ಬಂದವು ಹನ್ನೊಂದು, ಹಿಡಿದಿದ್ದು ಎರಡು. ಆ ಎರಡೂ ಆಗಸ್ಟ್ ತಿಂಗಳಿನವು.

ಸೋಮವಾರ ಅಭ್ಯಾಸ ಮುಗಿದ ಮೇಲೆ ಅವನನ್ನು ಉಳಿಸಿಕೊಂಡೆ. ಎಡಗಡೆ ನಿಂತು, ಕೂಗದೆ, ಮೆಲ್ಲಗೆ ಒಂದು ಚೆಂಡು ಎಸೆದೆ. ಅದು ಕಿವಿಗೆ ಬಡಿಯುವ ತನಕ ಅವನಿಗೆ ಗೊತ್ತೇ ಆಗಲಿಲ್ಲ.

"ಬಲಗಣ್ಣು ಮುಚ್ಕೋ," ಎಂದೆ. "ಅಲ್ಲಿ ನನ್ನ ಕಾರಿದೆ ನೋಡು. ನಂಬರ್ ಓದು."

ಅವನು ಮುಚ್ಚಿಕೊಂಡ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದ. "ಕಾರ್ ಯಾವ ಕಡೆ ಇದೆ ಕೋಚ್?" ಎಂದ.

ಆಮೇಲೆ ಎಲ್ಲ ಹೇಳಿದ. ಆಗಸ್ಟ್‌ನಲ್ಲಿ ಯಾರದೋ ಮೊಣಕೈ ಹೆಲ್ಮೆಟ್ಟಿನ ಒಳಗೆ ನುಗ್ಗಿತ್ತು. ಮೊದಲು ಮಿಂಚಿದ ಹಾಗೆ ಆಯಿತು. ಈಗ ಮೇಲಿನಿಂದ ಕಪ್ಪು ಪರದೆ ಒಂದಿಷ್ಟಿಷ್ಟೇ ಇಳಿಯುತ್ತಿದೆ.

"ನಿಮ್ಮಮ್ಮಂಗೆ ಗೊತ್ತಾ?"

"ಇಲ್ಲ. ನೀವೂ ಹೇಳ್ಬೇಡಿ ಕೋಚ್, ನಿಮ್ಮ ಕಾಲಿಗೆ ಬೀಳ್ತೀನಿ. ಶುಕ್ರವಾರ ಕಾಲೇಜಿನವರು ನನ್ನ ಆಟ ನೋಡಿ ತಂಡಕ್ಕೆ ಆರಿಸಕ್ಕೆ ಬರ್ತಿದಾರೆ. ನಾಲ್ಕು ದಿನ. ಶನಿವಾರ ನಾನೇ ಡಾಕ್ಟರ ಹತ್ರ ಹೋಗ್ತೀನಿ. ಬಲಗಡೆ ಎಸಿ ಅಂತ ಚೆಂಡು ಎಸೆಯೋನಿಗೆ ಹೇಳಿದ್ರೆ ಸಾಕು."

ನಾನು ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. "ಮನೆಗೆ ಹೋಗು," ಎಂದೆ ಅಷ್ಟೆ.

ಮಂಗಳವಾರ ಊಟದ ಬಿಡುವಿನಲ್ಲಿ ಕೋಚ್‌ಗಳ ಸಭೆ. ಮುಖ್ಯ ಕೋಚ್ ರೇ ಡೆಲ್ವೆಕಿಯೊ ಹಲಗೆಯ ಮೇಲೆ ಐದು ಹೆಸರು ಬರೆದಿದ್ದ. ಮೂರನೆಯವನು ಗಿಡ್ಡ, ನಾಲ್ಕನೆಯವನಿಗೆ ಪೆಟ್ಟೆಂದರೆ ಭಯ, ಐದನೆಯವನು ಇನ್ನೂ ಆಟವೇ ಕಲಿತಿಲ್ಲ ಎಂದು ಒಂದೊಂದನ್ನೂ ಒರೆಸಿದ. ಉಳಿದವು ಎರಡು.

"ಪಲುಕಾಗೆ ಕೊಟ್ರೆ ಐದೈದು ಗಜ ಸಿಗುತ್ತೆ," ಎಂದ ರೇ. "ಕ್ರೆನ್‌ಶಾ ಒಂದು ಹಿಡಿದ್ರೆ ಐವತ್ತು. ಆದ್ರೆ ಹಿಡಿಬೇಕಲ್ಲ! ಗಸ್, ನಿನ್ನ ಹುಡುಗರು. ಬಾಯಿ ಬಿಡಪ್ಪ. ಯಾರು?"

ಕಣ್ಣಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. "ಬಲಗಡೆಯಿಂದ ಎಸೆದ್ರೆ ಕ್ರೆನ್‌ಶಾ ಬಿಡಲ್ಲ," ಎಂದೆ.

ರೇ ಪಲುಕಾನ ಹೆಸರನ್ನು ಒರೆಸಿದ. ಆ ದಿನ ಎರಡು ತರಗತಿಗಳಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಕಿಟಕಿಯ ಹತ್ತಿರ ಹೋಗುವುದು, ಬರುವುದು. ಮಿಸಿಸಿಪಿ ನದಿ ಎಲ್ಲಿ ಹುಟ್ಟುತ್ತದೆ ಎಂದು ಹುಡುಗಿಯೊಬ್ಬಳು ಕೇಳಿದರೆ ನಾಳೆ ಹೇಳುತ್ತೇನೆ ಎಂದೆನಂತೆ.

ನಾಲ್ಕು ಗಂಟೆಗೆ ಅಭ್ಯಾಸ. ಆರನೆಯ ಓಟದಲ್ಲಿ ಎಡಗಡೆಯಿಂದ ಒಬ್ಬ ದಪ್ಪ ಹುಡುಗ ಡೇರಿಯಸ್‌ಗೆ ಡಿಕ್ಕಿ ಹೊಡೆದ. ಜೋರಾಗಿ ಏನಲ್ಲ; ಯಾರಾದರೂ ನೋಡಿ ಪಕ್ಕಕ್ಕೆ ಸರಿಯುವಂಥದ್ದು. ಡೇರಿಯಸ್ ಬಿದ್ದ, ಥಟ್ಟನೆ ಎದ್ದ, ನಮ್ಮವರೆಲ್ಲ ಗುಂಪುಗೂಡುತ್ತಿದ್ದ ಕಡೆಗೆ ಬೆನ್ನು ಹಾಕಿ ಖಾಲಿ ಮೈದಾನದತ್ತ ನಡೆಯತೊಡಗಿದ. ಹುಡುಗರು ನಕ್ಕರು. "ಲೇ ಡೇರಿಯಸ್, ಬಸ್ ಸ್ಟಾಪ್ ಆ ಕಡೆ ಇಲ್ಲ ಕಣೋ!"

ನಾನು ಓಡಿಹೋಗಿ ತೋಳು ಹಿಡಿದೆ. "ಹೆಲ್ಮೆಟ್ ತೆಗಿ. ಹೊರಗೆ ಬಾ."

"ಕೋಚ್, ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿರಲಿಲ್ಲ. ಬಾ."

ಕಾರಿನಲ್ಲಿ ಅವನು ಕಿಟಕಿಗೆ ಹಣೆ ಒತ್ತಿ ಅಳುತ್ತಿದ್ದ. ಅವನ ತಾಯಿ ವೃದ್ಧಾಶ್ರಮವೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಯಂತ್ರಗಳ ಸದ್ದಿನ ನಡುವೆ ನಾನು ಕೂಗಿಯೇ ಹೇಳಬೇಕಾಯಿತು. ಅವಳು ಮಡಿಸುತ್ತಿದ್ದ ಹಾಸುಬಟ್ಟೆಯನ್ನು ಪೂರ್ತಿ ಮಡಿಸಿ ಕೆಳಗಿಟ್ಟಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ನಿನ್ನೆ ಎಷ್ಟು ಹೊತ್ತಿಗೆ?"

"ಐದೂವರೆಗೆ."

ಅವಳು ಗೋಡೆಯ ಗಡಿಯಾರ ನೋಡಿದಳು. ಐದಾಗಲು ಹತ್ತು ನಿಮಿಷವಿತ್ತು. ಬೈದಿದ್ದರೆ ಚೆನ್ನಾಗಿತ್ತು. ಏಪ್ರನ್ ಬಿಚ್ಚಿ, ಮಗನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ನಡಿ ಮಗಾ," ಎಂದು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ನಾನೂ ಬರುತ್ತೇನೆ ಎಂದದ್ದು ಅವಳಿಗೆ ಕೇಳಿಸಲಿಲ್ಲವೋ, ಬೇಡವಾಗಿತ್ತೋ.

ಡೇರಿಯಸ್‌ನ ಎಡಗಣ್ಣಿನ ಹಿಂದಿನ ಪದರ, ರೆಟಿನಾ, ಕಿತ್ತುಬಂದಿತ್ತು. ಬುಧವಾರ ಪಿಟ್ಸ್‌ಬರ್ಗಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ರೇಗೆ ಹೇಳಿದಾಗ ಅವನು ಗದ್ದ ತುರಿಸಿಕೊಂಡು, "ಸೋಮವಾರವೇ ಹೇಳಿದ್ರೆ ಪಲುಕಾಗೆ ಇನ್ನೊಂದು ದಿನ ಅಭ್ಯಾಸ ಸಿಗ್ತಿತ್ತಲ್ಲಪ್ಪ," ಎಂದ. ಆಮೇಲೆ ಅವನಿಗೇ ಏನೋ ಅನ್ನಿಸಿರಬೇಕು, ಟೋಪಿ ತೆಗೆದು ಮೇಜಿನ ಮೇಲಿಟ್ಟ.

ಶುಕ್ರವಾರ ನೇಥನ್ ಪಲುಕಾ ಇಳಿದ. ಒಂಬತ್ತು ಚೆಂಡು ಬಂದವು, ಒಂಬತ್ತನ್ನೂ ಹಿಡಿದ. ಅಂಗಡಿಯಲ್ಲಿ ಅವನ ಓಟವನ್ನು ಆಡಿಕೊಂಡಿದ್ದ ಮಾತು ಸುಳ್ಳು ಎನ್ನುವಂತೆ ಆಡಿದ. ನಾವು ಮೂರು ಅಂಕ ಹಿಂದಿದ್ದೆವು. ಕೊನೆಯ ಚೆಂಡನ್ನು ನಲವತ್ತು ಗಜದ ಗೆರೆಯಲ್ಲಿ ಹಿಡಿದು ಓಡಿದ, ಮುಂದೆ ಒಬ್ಬನೂ ಇಲ್ಲ. ಇಡೀ ಊರು ಎದ್ದು ನಿಂತಿತ್ತು. ಹಿಂದಿನಿಂದ ಬಂದವನೊಬ್ಬ ಅಂಕದ ಗೆರೆಗೆ ನಾಲ್ಕು ಗಜ ಉಳಿದಿರುವಾಗ ಅವನ ಕಾಲು ಹಿಡಿದ. ಸಮಯ ಮುಗಿಯಿತು, ಸೋತೆವು. ನೇಥನ್ ಹುಲ್ಲಿನ ಮೇಲೆ ಮುಖ ಒತ್ತಿ ಮಲಗಿದ್ದ; ನಾನು ಹೋಗಿ ತೋಳು ಹಿಡಿದು ಎಬ್ಬಿಸಿದೆ.

ಡೇರಿಯಸ್ ಚಳಿಗಾಲವಿಡೀ ನನ್ನ ಜೊತೆ ಮಾತಾಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಗೋಡೆಯ ಕಡೆ ಸರಿಯುತ್ತಿದ್ದ. ಏಪ್ರಿಲ್‌ನಲ್ಲಿ ಒಂದು ದಿನ ಶಾಲೆ ಬಿಟ್ಟ ಮೇಲೆ ತರಗತಿಗೆ ಬಂದ. ಎಡಗಣ್ಣಿಗೆ ಅರ್ಧ ದೃಷ್ಟಿ ಉಳಿದಿತ್ತು. ಫುಟ್‌ಬಾಲ್ ಇನ್ನೆಂದೂ ಇಲ್ಲ.

"ಇನ್ನೂರು ಮೀಟರ್ ಓಟಕ್ಕೆ ಸೇರಿದೀನಿ," ಎಂದ.

"ಒಳ್ಳೇದಾಯ್ತು."

ಅವನು ಹೋಗಲಿಲ್ಲ. ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ. "ಡಾಕ್ಟರು ಹೇಳಿದ್ರು, ದಿನ ದಿನಾನೂ ಲೆಕ್ಕಕ್ಕೆ ಬರುತ್ತೆ ಅಂತ. ನಾನೇನೋ ಹೇಳ್ಬೇಡಿ ಅಂದೆ. ನಾನು ಹದಿನೇಳು ವರ್ಷದವನು ಕೋಚ್. ನೀವ್ಯಾಕೆ ನನ್ನ ಮಾತು ಕೇಳಿದ್ರಿ?"

ಅವನಿಗೆ ಹೇಳಲು ಬೇರೆ ಬೇರೆ ಉತ್ತರಗಳನ್ನು ನಾನು ಎಷ್ಟೋ ತಿಂಗಳಿಂದ ಕಟ್ಟಿಟ್ಟುಕೊಂಡಿದ್ದೆ. ಅವನ ಮುಖ ನೋಡಿ ಒಂದೂ ಹೇಳಬೇಕೆನಿಸಲಿಲ್ಲ.

"ನನಗೆ ಗೆಲ್ಬೇಕಾಗಿತ್ತು," ಎಂದೆ.

ಅವನು ತಲೆಯಾಡಿಸಿದ, ಅಷ್ಟು ಅವನಿಗೂ ಗೊತ್ತಿದ್ದ ಹಾಗೆ. ಬ್ಯಾಗನ್ನು ಹೆಗಲಿಗೇರಿಸಿಕೊಂಡು ಓಟದ ಅಭ್ಯಾಸಕ್ಕೆ ಹೊರಟ.